ಹಳೆಯ ಗಣಕಯಂತ್ರದ ಮರುಬಳಕೆ: ವಿಲೇವಾರಿಗೆ ಮುನ್ನ ಮಾಡಬೇಕಾದ ಕಾರ್ಯಗಳು

(ಗ್ರಾಮ ಪಂಚಾಯತಿ ಸಿಬ್ಬಂದಿ ಹಾಗೂ ಅರಿವು ಕೇಂದ್ರಗಳ ಮೇಲ್ವಿಚಾರಕರ ತರಬೇತಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ಪಂಚಾಯತಿ ಕಚೇರಿಗಳಿಗೆ ಹೋದಾಗಲೆಲ್ಲ ನಾನು ಗಮನಿಸಿರುವ ಒಂದು ಸಂಗತಿಯಿದೆ. ಕಡತಗಳ ಬೀರುವಿನ ಪಕ್ಕದ ಮೂಲೆಯಲ್ಲಿ ಬಟ್ಟೆ ಹೊದಿಸಿದ ಗಣಕಯಂತ್ರವೊಂದು ಕುಳಿತಿರುತ್ತದೆ. ದಾಸ್ತಾನು ವಹಿಯಲ್ಲಿ ಅದರ ಹೆಸರಿರುತ್ತದೆ, ಕೆಲಸದಲ್ಲಿ ಮಾತ್ರ ಅದು ಇರುವುದಿಲ್ಲ. ವಿಚಾರಿಸಿದರೆ, "ಅದು ಹಳೆಯದು ಸರ್, ಆನ್ ಆಗುವುದಕ್ಕೇ ಅರ್ಧ ಗಂಟೆ ಬೇಕು" ಎಂಬ ಉತ್ತರ ಬರುತ್ತದೆ. ಆ ಯಂತ್ರದ ಕುರಿತೇ ಇಂದು ಮಾತನಾಡಬಯಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಗೆ ಹೊಸ ಪ್ರಿಂಟರ್ ಅಳವಡಿಸಲು ಹೋಗಿದ್ದೆ. ಊರಿನ ಹೆಸರು ಇಲ್ಲಿ ಬೇಡ. ಅಲ್ಲಿ ವಯಸ್ಸಾದ ತಾಯಿಯೊಬ್ಬರು ಸಾಮಾನ್ಯ ಸಭೆಯ ಒಂದು ನಡವಳಿಯ ನಕಲಿಗಾಗಿ ಕಾಯುತ್ತಿದ್ದರು. ತೀರಿಹೋದ ಪತಿಯ ಹೆಸರಿನಲ್ಲಿದ್ದ ನಿವೇಶನದ ನಿರ್ಣಯ ಅದರಲ್ಲಿತ್ತು. ನಡವಳಿ ಪುಸ್ತಕದ ಆ ಪುಟಗಳು ಮಳೆನೀರಿಗೆ ನೆನೆದು ಅಂಟಿಹೋಗಿದ್ದವು. ಬೆರಳಚ್ಚು ಮಾಡಿದ ಪ್ರತಿ ಹಳೆಯ ಗಣಕಯಂತ್ರದಲ್ಲಿತ್ತು. ಆ ಯಂತ್ರವೋ, ಮುರಿದ ಕುರ್ಚಿಗಳ ಜೊತೆಯಲ್ಲಿ ಗುಜರಿಗೆ ಹೋಗಿ ತಿಂಗಳುಗಳಾಗಿದ್ದವು. ಯಾರೂ ಕೆಟ್ಟ ಉದ್ದೇಶದಿಂದ ಹಾಗೆ ಮಾಡಿರಲಿಲ್ಲ. ಆದರೆ ಆ ಒಂದು ಪೆಟ್ಟಿಗೆಯೊಡನೆ ಒಬ್ಬರ ಹಕ್ಕಿನ ದಾಖಲೆ ಕಳೆದುಹೋಯಿತು. ಊರಿನವರ ಆಧಾರ್ ಪ್ರತಿಗಳು, ಬ್ಯಾಂಕ್ ಖಾತೆ ಸಂಖ್ಯೆಗಳು, ಫಲಾನುಭವಿಗಳ ಪಟ್ಟಿಗಳು ಅಪರಿಚಿತರ ಕೈ ಸೇರಿದವು. ಹಳೆಯ ಗಣಕಯಂತ್ರವೆಂದರೆ ದಾಖಲೆಯ ಪೆಟ್ಟಿಗೆಯೂ ಹೌದು ಎಂಬುದನ್ನು ಅಂದು ನಾನು ಮನಗಂಡೆ.

'ಹಳೆಯದು' ಎಂಬ ಮಾತನ್ನು ಮೊದಲು ಬಿಡಿಸಿ ನೋಡೋಣ. ಗಣಕಯಂತ್ರ ಎರಡು ಬಗೆಯಲ್ಲಿ ಹಳತಾಗುತ್ತದೆ. ಒಂದು, ಭಾಗಗಳ ಸವೆತ. ಇನ್ನೊಂದು, ತಂತ್ರಾಂಶಕ್ಕೆ ತಯಾರಕರ ಬೆಂಬಲ ನಿಲ್ಲುವುದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು, ವಿಂಡೋಸ್ 8.1ಕ್ಕೆ 2023ರ ಜನವರಿ 10ರಂದು, ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು ಸಾಮಾನ್ಯ ಬೆಂಬಲ ಮುಗಿಯಿತು. ಬೆಂಬಲ ಮುಗಿದ ದಿನ ಯಂತ್ರ ನಿಲ್ಲುವುದಿಲ್ಲ. ಆದರೆ ಆನಂತರ ಪತ್ತೆಯಾಗುವ ಭದ್ರತಾ ಲೋಪಗಳಿಗೆ ಪರಿಹಾರ ಬರುವುದಿಲ್ಲ, ಬೀಗ ಕೆಟ್ಟ ಬಾಗಿಲಿನಂತೆ ಅದು ತೆರೆದೇ ಉಳಿಯುತ್ತದೆ. ವಿಂಡೋಸ್ 10ಕ್ಕೆ ಸಂಸ್ಥೆಗಳು ಪ್ರತಿ ಯಂತ್ರಕ್ಕೆ ಹಣ ತೆತ್ತು ಗರಿಷ್ಠ ಮೂರು ವರ್ಷ ಹೆಚ್ಚುವರಿ ಭದ್ರತಾ ನವೀಕರಣ ಪಡೆಯಬಹುದು. ಅದು ಕಾಲಾವಕಾಶವಷ್ಟೇ, ಶಾಶ್ವತ ಪರಿಹಾರವಲ್ಲ. ಕ್ರೋಮ್ ಬ್ರೌಸರ್ ಕೂಡ 2023ರಲ್ಲಿ ಬಂದ 110ನೇ ಆವೃತ್ತಿಯಿಂದ ವಿಂಡೋಸ್ 7 ಮತ್ತು 8.1ರಲ್ಲಿ ಕೆಲಸ ಮಾಡುವುದಿಲ್ಲ. ಆದಕಾರಣ ಹೊಸ ಜಾಲತಾಣಗಳು ಅಂತಹ ಯಂತ್ರಗಳಲ್ಲಿ ಸರಿಯಾಗಿ ತೆರೆಯದಿದ್ದರೆ, ಅದು ಯಂತ್ರದ ಸಾವಿನ ಲಕ್ಷಣವೆಂದು ತಿಳಿಯಬೇಕಾಗಿಲ್ಲ.

ಈಗ ಕೆಲಸದ ಕ್ರಮಕ್ಕೆ ಬರುತ್ತೇನೆ.

ಮೊದಲನೆಯದು ದಾಖಲೆಗಳ ರಕ್ಷಣೆ. ಸ್ಕ್ರೂ ಬಿಚ್ಚುವ ಮೊದಲು, ತಂತ್ರಾಂಶ ಬದಲಿಸುವ ಮೊದಲು, ಯಂತ್ರದಲ್ಲಿರುವ ಕಡತಗಳನ್ನೆಲ್ಲ ಎರಡು ಬೇರೆ ಬೇರೆ ಮಾಧ್ಯಮಗಳಿಗೆ ನಕಲು ಮಾಡಿರಿ. ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಡೌನ್‌ಲೋಡ್ಸ್ ಮಾತ್ರ ನೋಡಿದರೆ ಸಾಲದು. ನಮ್ಮವರು ಡಿ ಡ್ರೈವ್‌ನಲ್ಲಿ 'ಹೊಸದು', 'ಹೊಸದು 2' ಎಂಬ ಹೆಸರಿನ ಫೋಲ್ಡರುಗಳಲ್ಲಿ ವರ್ಷಗಟ್ಟಲೆ ದಾಖಲೆ ಇಟ್ಟಿರುತ್ತಾರೆ. ನಕಲು ಮಾಡಿದ ಮೇಲೆ ಕೆಲವು ಕಡತಗಳನ್ನು ಬೇರೊಂದು ಯಂತ್ರದಲ್ಲಿ ತೆರೆದು ಓದಿ ನೋಡಿರಿ.

ಇಲ್ಲಿ ನಮ್ಮ ರಾಜ್ಯಕ್ಕೇ ವಿಶಿಷ್ಟವಾದ ಒಂದು ತೊಡಕಿದೆ. ಹಿಂದೆ ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿದ ಕಡತಗಳು ಯೂನಿಕೋಡ್‌ನಲ್ಲಿಲ್ಲ. ಇಂಗ್ಲಿಷ್ ಅಕ್ಷರಗಳ ಸಂಕೇತಗಳಿಗೆ ಕನ್ನಡದ ರೂಪ ತೊಡಿಸಿ ಅವು ಅಕ್ಷರಗಳನ್ನು ತೋರಿಸುತ್ತಿದ್ದವು. ಆ ಅಕ್ಷರವಿನ್ಯಾಸ ಇಲ್ಲದ ಯಂತ್ರದಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಆಗ 'ಫೈಲ್ ಕೆಟ್ಟಿದೆ' ಎಂದು ಅಳಿಸಿಬಿಡುವುದುಂಟು. ದಯವಿಟ್ಟು ಹಾಗೆ ಮಾಡಬೇಡಿರಿ. ಇವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ದೊರೆಯುತ್ತವೆ. ಪರಿವರ್ತನೆಯ ನಂತರ ಒತ್ತಕ್ಷರ, ಅರ್ಕಾವತ್ತು, ಅಂಕಿಗಳು ಇವನ್ನು ಮೂಲದೊಡನೆ ಹೋಲಿಸಿ ನೋಡಿರಿ. ಮೂಲ ಕಡತವನ್ನು ಹಾಗೆಯೇ ಉಳಿಸಿಕೊಂಡು, ಅದರ ಪಿಡಿಎಫ್ ಪ್ರತಿಯನ್ನೂ ಹಳೆಯ ಯಂತ್ರದಲ್ಲಿಯೇ ಮಾಡಿಟ್ಟುಕೊಳ್ಳುವುದು ಒಳಿತು.

ಎರಡನೆಯದು ತಪಾಸಣೆ. ಒಂದು ಹಾಳೆಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿರಿ: ಪ್ರೊಸೆಸರ್ ಯಾವುದು, ಅದು 64 ಬಿಟ್‌ನದೇ, ರ‍್ಯಾಮ್ ಎಷ್ಟು, ಡಿಸ್ಕ್‌ನ ಆರೋಗ್ಯ ಹೇಗಿದೆ. ಇಂಟೆಲ್ ಕೋರ್ ಸರಣಿಯ ಸಂಖ್ಯೆಯಿಂದ ತಲೆಮಾರು ತಿಳಿಯುತ್ತದೆ. ಐ3-4130 ಎಂದಿದ್ದರೆ ನಾಲ್ಕನೆಯ ತಲೆಮಾರು, ಐ3-8100 ಎಂದಿದ್ದರೆ ಎಂಟನೆಯದು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಸಾಮಾನ್ಯವಾಗಿ ಎಂಟನೆಯ ಅಥವಾ ನಂತರದ ತಲೆಮಾರು, 4 ಜಿಬಿ ರ‍್ಯಾಮ್, 64 ಜಿಬಿ ಸಂಗ್ರಹ ಸ್ಥಳ ಮತ್ತು ಟಿಪಿಎಂ 2.0 ಎಂಬ ಭದ್ರತಾ ಘಟಕ ಅಗತ್ಯ. ಇವೆಲ್ಲ ಇದ್ದು, ಅಧಿಕೃತ ಪರವಾನಗಿಯ ವಿಂಡೋಸ್ 10 ಇದ್ದಲ್ಲಿ, ಸೆಟ್ಟಿಂಗ್ಸ್‌ನ ಅಪ್‌ಡೇಟ್ ವಿಭಾಗದಿಂದಲೇ ಉಚಿತವಾಗಿ ವಿಂಡೋಸ್ 11ಕ್ಕೆ ಹೋಗಬಹುದು. ಕೆಲವು ಯಂತ್ರಗಳಲ್ಲಿ ಟಿಪಿಎಂ ಇದ್ದರೂ ಬಯೋಸ್‌ನಲ್ಲಿ ನಿಷ್ಕ್ರಿಯವಾಗಿರುತ್ತದೆ. ಅದನ್ನು ನೋಡದೆ 'ಆಗುವುದಿಲ್ಲ' ಎಂದು ತೀರ್ಮಾನಿಸಬಾರದು. ಆದರೆ ಅರ್ಹತೆಯಿಲ್ಲದ ಯಂತ್ರಕ್ಕೆ ಅಡ್ಡದಾರಿಯಿಂದ ವಿಂಡೋಸ್ 11 ಹಾಕುವುದು, ಕದ್ದ ಪರವಾನಗಿ ಬಳಸುವುದು ಸರ್ಕಾರಿ ಕಚೇರಿಗೆ ತಕ್ಕುದಲ್ಲ. ಪರವಾನಗಿ ಮುರಿಯುವ 'ಕ್ರ್ಯಾಕ್' ತಂತ್ರಾಂಶಗಳೊಡನೆ ವೈರಸ್ ಒಳಬರುವುದು ಸಾಮಾನ್ಯ.

ಮೂರನೆಯದು ದುರಸ್ತಿ. ಇದರಲ್ಲಿ ಖರ್ಚಿಲ್ಲದ ಕೆಲಸಗಳನ್ನು ಮೊದಲು ಮಾಡಬೇಕು. ವಿದ್ಯುತ್ ಸಂಪರ್ಕ ತೆಗೆದು ಕ್ಯಾಬಿನೆಟ್ ಬಿಚ್ಚಿ, ಫ್ಯಾನ್ ಮತ್ತು ಹೀಟ್ ಸಿಂಕ್‌ನ ಧೂಳನ್ನು ಬ್ರಷ್‌ನಿಂದ ತೆಗೆಯಿರಿ. ಧೂಳು ತುಂಬಿದರೆ ಪ್ರೊಸೆಸರ್ ಬಿಸಿಯೇರಿ, ತನ್ನನ್ನು ಕಾಪಾಡಿಕೊಳ್ಳಲು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ.

ಮದರ್‌ಬೋರ್ಡಿನಲ್ಲಿ ಗುಂಡಿಯಾಕಾರದ 3 ವೋಲ್ಟ್ ಸೆಲ್ ಇರುತ್ತದೆ, ಅದರ ಹೆಸರು ಸಿಆರ್2032. ಅದು ಖಾಲಿಯಾದರೆ ಯಂತ್ರ ದಿನಾಂಕ ಮರೆಯುತ್ತದೆ. ಒಂದು ಅರಿವು ಕೇಂದ್ರದಲ್ಲಿ 'ಇಂಟರ್ನೆಟ್ಟೇ ಬರುವುದಿಲ್ಲ' ಎಂದು ಪಕ್ಕಕ್ಕಿಟ್ಟಿದ್ದ ಯಂತ್ರವನ್ನು ನೋಡಿದೆ. ಪರದೆಯ ಮೂಲೆಯಲ್ಲಿ ದಿನಾಂಕ 2009 ಎಂದಿತ್ತು. ಸುರಕ್ಷಿತ ಜಾಲತಾಣಗಳ ಪ್ರಮಾಣಪತ್ರಕ್ಕೆ ಆರಂಭ ಮತ್ತು ಅಂತ್ಯದ ದಿನಾಂಕಗಳಿರುತ್ತವೆ. ಯಂತ್ರದ ದಿನಾಂಕ ತಪ್ಪಿದರೆ ಬ್ರೌಸರ್ ಅವನ್ನು ನಂಬುವುದಿಲ್ಲ. ಸೆಲ್ ಬದಲಿಸಿ ದಿನಾಂಕ ಸರಿಪಡಿಸಿದೊಡನೆ ತಾಣಗಳು ತೆರೆದವು.

ಇನ್ನು ಹಣ ಕೇಳುವ ಭಾಗಗಳು ಎರಡು: ರ‍್ಯಾಮ್ ಮತ್ತು ಡಿಸ್ಕ್. ರ‍್ಯಾಮ್ ಕೊಳ್ಳುವಾಗ ಡಿಡಿಆರ್2, ಡಿಡಿಆರ್3, ಡಿಡಿಆರ್4 ಎಂಬ ಬಗೆಯನ್ನು ನೋಡಿಕೊಳ್ಳಿರಿ. ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಒಂದೇ ಭಾಗಕ್ಕೆ ಹಣ ಸಾಕಾಗುವಂತಿದ್ದರೆ, 4 ಜಿಬಿ ರ‍್ಯಾಮ್ ಈಗಾಗಲೇ ಇರುವ ಯಂತ್ರಕ್ಕೆ ಎಸ್‌ಎಸ್‌ಡಿ ಹಾಕಿಸಿರಿ ಎಂಬುದು ನನ್ನ ಸಲಹೆ. ಇದರ ಕಾರಣ ಸರಳ. ಸಾಮಾನ್ಯ ಹಾರ್ಡ್ ಡಿಸ್ಕ್‌ನ ತಟ್ಟೆ ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ 120 ಸುತ್ತು ತಿರುಗುತ್ತದೆ. ಅಲ್ಲಲ್ಲಿ ಚದುರಿದ ಸಣ್ಣ ಕಡತಗಳನ್ನು ಓದುವಾಗ ತಟ್ಟೆ ತಿರುಗಿ ಬರುವವರೆಗೆ ಕಾಯಬೇಕಾಗುವುದರಿಂದ, ಸೆಕೆಂಡಿಗೆ ಸುಮಾರು ನೂರು ಬಾರಿಯಷ್ಟೇ ಓದಲು ಸಾಧ್ಯ. ಯಂತ್ರ ಆರಂಭವಾಗುವಾಗ ಇಂತಹ ಸಾವಿರಾರು ಓದುಗಳು ಬೇಕು. ನೀವು ಕಾಯುವ ಅರ್ಧ ಗಂಟೆಯ ಬಹುಪಾಲು ಅಲ್ಲಿ ಕಳೆಯುತ್ತದೆ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲದ್ದರಿಂದ ಸೆಕೆಂಡಿಗೆ ಸಾವಿರಾರು ಓದುಗಳು ಸಾಧ್ಯ. ಸಾಟಾ ಸಂಪರ್ಕವಿರುವ ಹಳೆಯ ಯಂತ್ರಕ್ಕೂ ಅದನ್ನು ಜೋಡಿಸಬಹುದು. ಹೊಸ ಭಾಗವನ್ನು ದಾಸ್ತಾನು ವಹಿಯಲ್ಲಿ ನಮೂದಿಸಿ, ತೆಗೆದ ಹಳೆಯ ಡಿಸ್ಕ್‌ಗೆ ಚೀಟಿ ಅಂಟಿಸಿ ಬೀಗದಲ್ಲಿ ಇಡಿರಿ.

ನಾಲ್ಕನೆಯದು ಹೊಸ ತಂತ್ರಾಂಶ. ವಿಂಡೋಸ್ 11ಕ್ಕೆ ಅರ್ಹವಲ್ಲದ, ಆದರೆ 64 ಬಿಟ್‌ನ ಯಂತ್ರಗಳಿಗೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಸೂಚಿಸುತ್ತೇನೆ. ಅದು ಉಚಿತ, ಪರವಾನಗಿ ಶುಲ್ಕವಿಲ್ಲ. ಕನಿಷ್ಠ 2 ಜಿಬಿ ರ‍್ಯಾಮ್ ಬೇಕು, 4 ಜಿಬಿ ಇದ್ದರೆ ಹಿತ. 20 ಜಿಬಿ ಸಂಗ್ರಹ ಸ್ಥಳ ಬೇಕು. ಮಿಂಟ್ 22ರ ಸರಣಿಗೆ 2029ರವರೆಗೆ ಭದ್ರತಾ ನವೀಕರಣ ದೊರೆಯುತ್ತದೆ. ಅಧಿಕೃತ ತಾಣದಿಂದ ಇಳಿಸಿಕೊಂಡು, ರೂಫಸ್‌ನಂತಹ ಉಪಕರಣದಿಂದ 8 ಜಿಬಿ ಪೆನ್‌ಡ್ರೈವ್‌ಗೆ ಬರೆಯಿರಿ. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುತ್ತದೆ ಎಂಬುದು ನೆನಪಿರಲಿ. ಯಂತ್ರ ಆನ್ ಮಾಡುವಾಗ ಎಫ್12, ಎಫ್9 ಅಥವಾ ಎಸ್ಕೇಪ್ ಕೀಲಿ ಒತ್ತಿದರೆ ಪೆನ್‌ಡ್ರೈವ್‌ನಿಂದ ಆರಂಭಿಸುವ ಆಯ್ಕೆ ಬರುತ್ತದೆ. ಕೀಲಿ ತಯಾರಕರಿಗೆ ತಕ್ಕಂತೆ ಬೇರೆಯಾಗಿರುತ್ತದೆ.

ಇದರ ದೊಡ್ಡ ಅನುಕೂಲವೆಂದರೆ, ಡಿಸ್ಕ್ ಮುಟ್ಟದೆಯೇ ಪೆನ್‌ಡ್ರೈವ್‌ನಿಂದ ನಡೆಸಿ ನೋಡಬಹುದು. ಇಂಟರ್ನೆಟ್, ಧ್ವನಿ, ಪರದೆ, ಪ್ರಿಂಟರ್, ಸ್ಕ್ಯಾನರ್ ಎಲ್ಲವನ್ನೂ ಪರೀಕ್ಷಿಸಿರಿ. ಕೆಲವು ಹಳೆಯ ಲೇಸರ್ ಪ್ರಿಂಟರುಗಳು ಲಿನಕ್ಸ್‌ಗೆ ಸುಲಭವಾಗಿ ಒಗ್ಗುವುದಿಲ್ಲ. ಅದು ಸ್ಥಾಪನೆಗೆ ಮೊದಲೇ ತಿಳಿಯಬೇಕು. ಅದೇ ಪೆನ್‌ಡ್ರೈವ್‌ನಲ್ಲಿರುವ 'ಡಿಸ್ಕ್ಸ್' ಉಪಕರಣ ಡಿಸ್ಕ್‌ನ ಆರೋಗ್ಯವನ್ನೂ ತೋರಿಸುತ್ತದೆ. ಎಲ್ಲವೂ ಸರಿಯಿದ್ದರೆ ಮಾತ್ರ ಸ್ಥಾಪಿಸಿರಿ.

ಕನ್ನಡ ಬೆರಳಚ್ಚಿನ ಬಗ್ಗೆ ಆತಂಕ ಬೇಡ. ನುಡಿ ತಂತ್ರಾಂಶ ವಿಂಡೋಸ್‌ಗಾಗಿ ಇರುವುದು ನಿಜ. ಆದರೆ ಲಿನಕ್ಸ್‌ನಲ್ಲಿ ಐಬಸ್ ಮತ್ತು ಎಂ17ಎನ್ ಎಂಬ ಪ್ಯಾಕೇಜುಗಳನ್ನು ಹಾಕಿದರೆ ಕೆಜಿಪಿ ಎಂಬ ಕೀಲಿಮಣೆ ವಿನ್ಯಾಸ ಸಿಗುತ್ತದೆ. ನುಡಿಯಲ್ಲಿ ಪಳಗಿದ ಬೆರಳುಗಳು ಅದರಲ್ಲಿ ತಡವರಿಸುವುದಿಲ್ಲ. ಪತ್ರ ಮತ್ತು ಲೆಕ್ಕದ ಹಾಳೆಗಳಿಗೆ ಲಿಬ್ರೆ ಆಫೀಸ್, ಅಂತರಜಾಲಕ್ಕೆ ಫೈರ್‌ಫಾಕ್ಸ್ ಮಿಂಟ್‌ನೊಡನೆಯೇ ಬರುತ್ತವೆ. ವರ್ಡ್ ಮತ್ತು ಎಕ್ಸೆಲ್ ಕಡತಗಳೂ ಅಲ್ಲಿ ತೆರೆಯುತ್ತವೆ. ಸಂಕೀರ್ಣ ಕೋಷ್ಟಕಗಳ ವಿನ್ಯಾಸ ಸ್ವಲ್ಪ ಕದಲಬಹುದಾದ್ದರಿಂದ ಮುದ್ರಣಕ್ಕೆ ಮುನ್ನ ನೋಡಿಕೊಳ್ಳಬೇಕು.

ಒಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಡಿಜಿಟಲ್ ಸಹಿಯ ಟೋಕನ್ ಬಳಸಿ ಪಾವತಿ ಮಾಡುವ, ಇ-ಸ್ವತ್ತು ನಮೂನೆಗಳಿಗೆ ಸಹಿ ಮಾಡುವ ಯಂತ್ರವನ್ನು ಈ ಪ್ರಯೋಗಕ್ಕೆ ಒಡ್ಡಬೇಡಿರಿ. ಟೋಕನ್‌ನ ಚಾಲಕ ತಂತ್ರಾಂಶ ಮತ್ತು ಸಹಿಯ ಉಪಕರಣ ಯಾವ ವ್ಯವಸ್ಥೆಗೆ ಸಿದ್ಧವಾಗಿವೆಯೋ ಅದರಲ್ಲಿಯೇ ಆ ಕೆಲಸ ನಡೆಯಲಿ. ಆ ಯಂತ್ರಕ್ಕೆ ಬೆಂಬಲವಿರುವ ವಿಂಡೋಸ್ ಇರಲಿ, ಹೊಸ ಖರೀದಿಯ ಅವಕಾಶ ಮೊದಲು ಅದಕ್ಕೇ ಸಲ್ಲಲಿ. ಪುನಶ್ಚೇತನಗೊಂಡ ಯಂತ್ರಕ್ಕೆ ಬೇರೆ ಕೆಲಸಗಳಿವೆ. ಪತ್ರವ್ಯವಹಾರ, ನಡವಳಿಯ ಬೆರಳಚ್ಚು, ಹಳೆಯ ವಹಿಗಳ ಸ್ಕ್ಯಾನಿಂಗ್‌ಗೆ ಅದನ್ನು ಬಳಸಬಹುದು. ಅರಿವು ಕೇಂದ್ರಕ್ಕೆ ಕೊಟ್ಟರೆ ಮಕ್ಕಳ ಓದಿಗೂ, ಸ್ಪರ್ಧಾತ್ಮಕ ಪರೀಕ್ಷೆಗೆ ಅರ್ಜಿ ಹಾಕುವ ಯುವಕ ಯುವತಿಯರಿಗೂ ನೆರವಾಗುತ್ತದೆ. ಮನೆಯಲ್ಲಿ ಗಣಕಯಂತ್ರವಿಲ್ಲದ ಹುಡುಗಿಯೊಬ್ಬಳು ಮೊದಲ ಬಾರಿಗೆ ಕೀಲಿಮಣೆಯ ಮೇಲೆ ಕನ್ನಡದಲ್ಲಿ ತನ್ನ ಹೆಸರು ಬರೆಯುವುದಕ್ಕೆ ಹತ್ತು ವರ್ಷದ ಯಂತ್ರ ಧಾರಾಳವಾಗಿ ಸಾಕು.

ಎಲ್ಲ ಯಂತ್ರಗಳೂ ಉಳಿಯುವುದಿಲ್ಲ. 64 ಬಿಟ್‌ನದಲ್ಲದ, ರ‍್ಯಾಮನ್ನು 2 ಜಿಬಿಗೂ ಏರಿಸಲಾಗದ, ಮದರ್‌ಬೋರ್ಡಿನ ಕೆಪಾಸಿಟರುಗಳು ಉಬ್ಬಿರುವ ಯಂತ್ರಕ್ಕೆ ಸಾರ್ವಜನಿಕ ಹಣ ವ್ಯಯಿಸುವುದು ಸರಿಯಲ್ಲ. ಅಂತಹವನ್ನು ನಿಯಮಾನುಸಾರ ಅನುಪಯುಕ್ತವೆಂದು ಘೋಷಿಸಿ ವಿಲೇವಾರಿ ಮಾಡಿರಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿರ್ವಹಣಾ ನಿಯಮಗಳು, 2022ರ ಪ್ರಕಾರ ಅವು ನೋಂದಾಯಿತ ಸಂಸ್ಕರಣಾ ಘಟಕಗಳಿಗೆ ಸೇರಬೇಕು. ಬೀದಿಯ ಗುಜರಿಗೆ ಹೋದರೆ ಸೀಸದಂತಹ ವಿಷವಸ್ತುಗಳು ನಮ್ಮದೇ ಮಣ್ಣು ಮತ್ತು ನೀರನ್ನು ಸೇರುತ್ತವೆ.

ಯಂತ್ರ ಅರಿವು ಕೇಂದ್ರಕ್ಕೆ ಹೋಗಲಿ, ವಿಲೇವಾರಿಗೆ ಹೋಗಲಿ, ಹೊರಡುವ ಮುನ್ನ ಡಿಸ್ಕ್‌ನ್ನು ಸಂಪೂರ್ಣ ಅಳಿಸಬೇಕು. ಡಿಲೀಟ್ ಮಾಡುವುದು, ಕ್ವಿಕ್ ಫಾರ್ಮ್ಯಾಟ್ ಮಾಡುವುದು ಪುಸ್ತಕದ ಪರಿವಿಡಿ ಹರಿದಂತೆ, ಒಳಗಿನ ಪುಟಗಳು ಹಾಗೆಯೇ ಇರುತ್ತವೆ. ಹಾರ್ಡ್ ಡಿಸ್ಕ್ ಆದರೆ ಇಡೀ ಡಿಸ್ಕ್‌ನ ಮೇಲೆ ಸೊನ್ನೆಗಳನ್ನು ಬರೆಯುವ ಆಯ್ಕೆ ಬಳಸಿರಿ. ಎಸ್‌ಎಸ್‌ಡಿಗೆ ತಯಾರಕರು ನೀಡುವ ಅಳಿಸುವ ಆದೇಶವಿದೆ. ಕೆಟ್ಟು ನಿಂತ ಡಿಸ್ಕ್ ಆದರೆ ಅಧಿಕಾರಿಗಳ ಸಮಕ್ಷಮ ಭೌತಿಕವಾಗಿ ನಾಶಪಡಿಸಿ, ಅದನ್ನು ವಹಿಯಲ್ಲಿ ದಾಖಲಿಸಿರಿ.

ತಮ್ಮಲ್ಲಿ ನನ್ನ ವಿನಂತಿ ಇಷ್ಟೆ. ಕಚೇರಿಗೆ ಮರಳಿದ ಮೇಲೆ ಆ ಮೂಲೆಯ ಯಂತ್ರದ ಬಟ್ಟೆ ಸರಿಸಿರಿ. ಮೊದಲ ದಿನ ದಾಖಲೆಗಳನ್ನು ನಕಲು ಮಾಡಿರಿ. ಎರಡನೆಯ ದಿನ ಧೂಳು ತೆಗೆದು, ಸೆಲ್ ನೋಡಿ, ನಾಲ್ಕು ವಿವರಗಳ ಹಾಳೆ ತುಂಬಿರಿ. ಮೂರನೆಯ ದಿನ ಪೆನ್‌ಡ್ರೈವ್‌ನಿಂದ ನಡೆಸಿ ನೋಡಿರಿ. ಆ ಹಾಳೆಯನ್ನು ಮುಂದಿಟ್ಟುಕೊಂಡು ಉಳಿಸಬೇಕೋ ಕಳುಹಿಸಬೇಕೋ ಎಂದು ಸಭೆಯಲ್ಲಿ ತೀರ್ಮಾನಿಸಿರಿ. ನಕಲಿಗಾಗಿ ಬರುವ ಯಾರೊಬ್ಬರಿಗೂ 'ಅದು ಹಳೆಯ ಕಂಪ್ಯೂಟರಿನಲ್ಲಿತ್ತು' ಎಂಬ ಉತ್ತರ ಕೊಡುವ ಸಂದರ್ಭ ನಮಗೆ ಬಾರದಿರಲಿ.