ಹುಲ್ಲಿನ ಬಣವೆ, ಫೋನಿನ ಫೋಟೋ



ಮಗಳ ಊರಿನಿಂದ ಮೊಮ್ಮಗುವಿನ ಫೋಟೋ ನಮ್ಮ ಫೋನಿಗೆ ಬರ್ತದೆ. ಇಡೀ ಫೋಟೋ ಒಂದೇ ಸಲ ಹಾರಿ ಬರ್ತದೆ ಅಂದುಕೊಳ್ತೀವಿ. ಹಾಗಲ್ಲ.

ಹೊಲದಲ್ಲಿರುವ ಹುಲ್ಲಿನ ಬಣವೆಯನ್ನು ಹಿತ್ತಿಲಿಗೆ ಹೇಗೆ ತರ್ತೀವಿ? ಬಣವೆಯನ್ನೇ ಎತ್ತೋಕೆ ಆಗ್ತದೆಯೇ? ಬಿಚ್ಚಿ, ಹೊರೆ ಕಟ್ಟಿ, ತಲೆ ಮೇಲೆ ಹೊತ್ತು ತರ್ತೀವಿ. ಹಿತ್ತಿಲಲ್ಲಿ ಮತ್ತೆ ಒಟ್ಟುತ್ತೀವಿ. ಫೋಟೋ ಬರುವುದೂ ಹೀಗೆಯೇ. ಫೋನಿಗೆ ಫೋಟೋ ಅಂದರೆ ಬರೀ ಅಂಕಿಗಳು. ಅವನ್ನು ಸಣ್ಣ ಸಣ್ಣ ಪೊಟ್ಟಣ ಮಾಡಿ ಕಳಿಸ್ತದೆ. ದೊಡ್ಡ ಫೋಟೋ ಆದರೆ ಸಾವಿರಕ್ಕೂ ಹೆಚ್ಚು ಪೊಟ್ಟಣ! ಎಲ್ಲಿಂದ ಬಂತು, ಎಲ್ಲಿಗೆ ಹೋಗಬೇಕು, ಎಷ್ಟನೆಯದು ಅಂತ ಪ್ರತಿಯೊಂದರ ಮೇಲೂ ಬರೆದಿರ್ತದೆ.

ದಾರಿಯಲ್ಲಿ ರೂಟರ್ ಅನ್ನುವ ಯಂತ್ರಗಳಿವೆ. ನಾಲ್ಕು ದಾರಿ ಸೇರುವ ಕಡೆ ಕೂತು ದಾರಿ ಹೇಳುವವರ ಹಾಗೆ. ಪೂರಾ ದಾರಿ ಯಾವ ರೂಟರಿಗೂ ತಿಳಿಯದು. ವಿಳಾಸ ನೋಡಿ ಮುಂದಿನ ರೂಟರಿಗೆ ದಾಟಿಸ್ತದೆ, ಅಷ್ಟೇ. ಪೊಟ್ಟಣ ದಾರಿ ತಪ್ಪಿ ಸುತ್ತುತ್ತಲೇ ಇದ್ದರೆ? ಅದಕ್ಕೂ ಉಪಾಯ ಇದೆ. ಪೊಟ್ಟಣದ ಮೇಲೆ ಒಂದು ಎಣಿಕೆ ಇರ್ತದೆ. ಪ್ರತಿ ರೂಟರಿನಲ್ಲೂ ಒಂದೊಂದು ಕಡಿಮೆ ಆಗ್ತದೆ. ಸೊನ್ನೆ ಆದರೆ ಆ ಪೊಟ್ಟಣ ಕಸಕ್ಕೆ. ಕಳೆದುಹೋದ ಪೊಟ್ಟಣವನ್ನು ಕಳಿಸಿದ ಕಡೆಯಿಂದ ಮತ್ತೆ ಕಳಿಸ್ತಾರೆ. ಪರದೆ ಮೇಲೆ ಚಕ್ರ ತಿರುಗ್ತಾ ಇದ್ದರೆ ಎಷ್ಟೋ ಸಲ ಪೊಟ್ಟಣಕ್ಕೆ ಕಾಯ್ತಾ ಇದೆ ಅಂತ ಅರ್ಥ. ನಾವು ಫೋನು ಕೆಡಿಸಿದೆವು ಅಂತಲ್ಲ. ಮನೆಯವರು ನಕ್ಕರೆ ನಗಲಿ.

ಹಳೇ ಟೆಲಿಫೋನು ಹೀಗಿರಲಿಲ್ಲ. ಇಬ್ಬರು ಮಾತಾಡುವಾಗ ಆ ದಾರಿ ಅವರಿಬ್ಬರಿಗೇ ಮೀಸಲು. ಸುಮ್ಮನೆ ಕೂತರೂ ಬೇರೆಯವರಿಗೆ ಸಿಗದು. ಪೊಟ್ಟಣ ಆದರೆ ಒಂದೇ ತಂತಿಯಲ್ಲಿ ಸಾವಿರಾರು ಜನರದು ಹೋಗ್ತದೆ. ಅಮೆರಿಕದಲ್ಲಿ ಪಾಲ್ ಬ್ಯಾರನ್, ಇಂಗ್ಲೆಂಡಿನಲ್ಲಿ ಡೊನಾಲ್ಡ್ ಡೇವಿಸ್ 1960ರ ದಶಕದಲ್ಲಿ ಬೇರೆ ಬೇರೆಯಾಗಿ ಇದನ್ನು ಯೋಚಿಸಿದರು. 1969ರ ಅಕ್ಟೋಬರ್ 29ರಂದು ಅಮೆರಿಕದಲ್ಲಿ ಒಂದು ಕಂಪ್ಯೂಟರಿನಿಂದ ದೂರದ ಇನ್ನೊಂದಕ್ಕೆ 'ಲಾಗಿನ್' ಅನ್ನುವ ಪದ ಕಳಿಸಲು ಹೊರಟರು. ಎರಡು ಅಕ್ಷರ ಹೋಯ್ತು. ಆ ಕಡೆಯ ಕಂಪ್ಯೂಟರ್ ನಿಂತೇಹೋಯ್ತು! ಮೊದಲ ದಿನ ನಾವೂ ಎರಡೇ ಅಕ್ಷರ ಕಲಿತದ್ದು, ಅಲ್ಲವೇ?

2008ರ ಜನವರಿಯಲ್ಲಿ ಈಜಿಪ್ಟ್ ದೇಶದ ಹತ್ತಿರ ಸಮುದ್ರದ ಅಡಿಯ ಕೇಬಲ್ ತುಂಡಾದವು. ನಮ್ಮ ದೇಶದಲ್ಲಿ ಇಂಟರ್ನೆಟ್ ಬಹಳ ನಿಧಾನ ಆಯ್ತು. ಪೂರಾ ನಿಲ್ಲಲಿಲ್ಲ. ಪೊಟ್ಟಣಗಳು ಬೇರೆ ದಾರಿ ಹಿಡಿದವು.

ಈಗ ದುಡ್ಡಿನ ಮಾತು. ಇದನ್ನು ಗಮನ ಇಟ್ಟು ಕೇಳಿ. ಅಂಗಡಿಯಲ್ಲಿ ಫೋನಿನಿಂದ 200 ರೂಪಾಯಿ ಕಳಿಸಿದೆವು. ಚಕ್ರ ತಿರುಗಿತು. 'ಬಾಕಿ ಇದೆ' ಅಂತ ಬಂತು. ದುಡ್ಡು ಹೋಗಲೇ ಇಲ್ಲ ಅಂತ ಅಲ್ಲ. ದುಡ್ಡು ಹೋಗಿದ್ದು, 'ಹೋಯ್ತು' ಅನ್ನುವ ಉತ್ತರ ಮಾತ್ರ ತಲುಪದೆ ಇರಬಹುದು. ಮತ್ತೆ ಒತ್ತಿದರೆ ಇನ್ನೊಂದು 200 ಹೋದೀತು.  ಸ್ವಲ್ಪ ಕಾಯಿರಿ. ಖಾತೆಯಲ್ಲಿ ಎಷ್ಟು ಉಳಿದಿದೆ ಓದಿ. ಈಗ ನಮಗೆ ಅಂಕಿ ಓದಲು ಬರ್ತದಲ್ಲ! ಅಂಗಡಿಯವರು "ಇನ್ನೊಂದು ಸಲ ಒತ್ತಮ್ಮಾ" ಅಂದರೆ, "ನಿಮ್ಮ ಖಾತೆಯನ್ನೂ ನೋಡಿಬಿಡಿ ಅಣ್ಣಾ" ಅನ್ನಿ.