ಒಂದೇ ಸೂರಿನಡಿ ಎರಡು ವಿಪತ್ತು

(ಕೋಟೇಶ್ವರದ ಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಹವಾಮಾನ ಬದಲಾವಣೆಯನ್ನು ಪರಿಸರವಾದಿಗಳಿಗೂ ಸಾಂಕ್ರಾಮಿಕ ರೋಗವನ್ನು ವೈದ್ಯರಿಗೂ ಬಿಟ್ಟುಕೊಟ್ಟು ನಾವು ನಿಶ್ಚಿಂತರಾಗಿದ್ದೇವೆ. ಆದರೆ ಇವೆರಡೂ ಒಟ್ಟಾಗಿ ಮನೆ ಬಾಗಿಲಿಗೆ ಬಂದರೆ ಏನಾಗುತ್ತದೆಂಬುದನ್ನು ನಮ್ಮ ಜಿಲ್ಲೆ ಈಗಾಗಲೇ ಕಂಡಿದೆ.

2020ರ ಮೇ ತಿಂಗಳಲ್ಲಿ, ಮುಂಬೈಯಲ್ಲಿ ದುಡಿಯುತ್ತಿದ್ದ ಕುಂದಾಪುರ, ಬೈಂದೂರು ಕಡೆಯ ಸಾವಿರಾರು ಮಂದಿ ಊರಿಗೆ ಮರಳಿದರು. ಅವರನ್ನು ಶಾಲೆ, ಹಾಸ್ಟೆಲ್‌ಗಳಲ್ಲಿ ಕ್ವಾರಂಟೈನ್ ಮಾಡಲಾಯಿತು. ಜೂನ್ ಆರಂಭದಲ್ಲಿ ಕೊರೋನಾ ಪ್ರಕರಣಗಳಲ್ಲಿ ಉಡುಪಿ ಜಿಲ್ಲೆ ರಾಜ್ಯಕ್ಕೇ ಮೊದಲ ಸ್ಥಾನದಲ್ಲಿತ್ತು. ಅದೇ ವರ್ಷ ಸೆಪ್ಟೆಂಬರ್ 20ರಂದು ಉಡುಪಿಯೂ ಸುತ್ತಲಿನ ಊರುಗಳೂ ನೆರೆಯಲ್ಲಿ ಮುಳುಗಿದವು. ಮರುವರ್ಷ ಮೇ ತಿಂಗಳಲ್ಲಿ, ಲಾಕ್‌ಡೌನ್ ನಡುವೆ ಈದುಲ್ ಫಿತ್ರ್ ಮುಗಿದ ಎರಡು-ಮೂರು ದಿನಗಳಲ್ಲೇ ತೌಕ್ತೆ ಚಂಡಮಾರುತ ನಮ್ಮ ಕಡಲ ತೀರವನ್ನು ಅಪ್ಪಳಿಸಿತು.

ಇಲ್ಲಿನ ಇಕ್ಕಟ್ಟನ್ನು ಗಮನಿಸಿರಿ. ರೋಗ ಬಂದಾಗ ಜನರು ಪರಸ್ಪರ ದೂರವಿರಬೇಕು. ನೆರೆ ಬಂದಾಗ ಅವರನ್ನು ಒಂದೇ ಸೂರಿನಡಿ ಸೇರಿಸಬೇಕು. ಎರಡಕ್ಕೂ ನಮ್ಮಲ್ಲಿರುವುದು ಅದೇ ಶಾಲಾ ಕಟ್ಟಡಗಳು. ಒಂದನ್ನು ತಪ್ಪಿಸಿಕೊಳ್ಳಲು ಹೋದ ಬಡವ ಇನ್ನೊಂದರ ಬಾಯಿಗೆ ಬೀಳುತ್ತಾನೆ.

ಕೊರೋನಾವನ್ನು ಹವಾಮಾನ ಬದಲಾವಣೆಯೇ ತಂದಿತೆಂದು ಹೇಳಲು ಆಧಾರವಿಲ್ಲ. ಆದರೆ ಅರಬ್ಬೀ ಸಮುದ್ರ ಕಾದಷ್ಟೂ ಚಂಡಮಾರುತಗಳಿಗೆ ಬಲ ಬರುತ್ತದೆ. ಬಿಸಿಯಾದ ಗಾಳಿ ಹೆಚ್ಚು ನೀರಾವಿಯನ್ನು ಹೊತ್ತು ತಂದು ಒಮ್ಮೆಲೇ ಸುರಿಯುತ್ತದೆ. ಇನ್ನು ಕಾಡಿನ ಮೇಲಿನ ಅತಿಕ್ರಮಣವು ಪ್ರಾಣಿಗಳ ರೋಗಗಳನ್ನು ಮನುಷ್ಯರ ಬಳಿಗೆ ತರುತ್ತದೆ. ಘಟ್ಟದ ಮೇಲಿನ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇದಕ್ಕೊಂದು ಎಚ್ಚರಿಕೆಯಾಗಿದೆ.

ಲಾಕ್‌ಡೌನ್‌ನಿಂದ ಪ್ರಕೃತಿ ಚೇತರಿಸಿಕೊಂಡಿತೆಂದು ಅಂದು ಹಲವರು ಸಮಾಧಾನಪಟ್ಟರು. 2020ರಲ್ಲಿ ಜಗತ್ತಿನ ಇಂಗಾಲದ ಹೊರಸೂಸುವಿಕೆ ಸುಮಾರು ಶೇ. 5ರಷ್ಟು ಇಳಿದದ್ದು ನಿಜ. ಆದರೆ 2021ರಲ್ಲೇ ಅದು ಬಹುತೇಕ ಹಿಂದಿನ ಮಟ್ಟಕ್ಕೆ ಮರಳಿತು. ದಿನಗೂಲಿಯವನ ಹಸಿವಿನಿಂದ ಭೂಮಿ ತಂಪಾಗಲಿಲ್ಲ.

ಹಾಗಾದರೆ ನಾವು ಮಾಡಬೇಕಾದುದೇನು? ವಿಧಿಯೆಂದು ಕೈಕಟ್ಟಿ ಕುಳಿತುಕೊಳ್ಳುವುದು ತವಕ್ಕುಲ್ ಅಲ್ಲ. ಒಂಟೆಯನ್ನು ಕಟ್ಟಿದ ಬಳಿಕ ಅಲ್ಲಾಹನ ಮೇಲೆ ಭರವಸೆಯಿಡುವುದೇ ತವಕ್ಕುಲ್. ಮಳೆಗಾಲಕ್ಕೆ ಮುನ್ನವೇ ಪ್ರತಿಯೊಂದು ಜಮಾಅತ್ ತನ್ನ ವ್ಯಾಪ್ತಿಯ ವೃದ್ಧರು, ಗರ್ಭಿಣಿಯರು ಹಾಗೂ ಉಬ್ಬಸದ ರೋಗಿಗಳ ಪಟ್ಟಿಯನ್ನು ಸಿದ್ಧಪಡಿಸಲಿ. ಮದ್ರಸಾ ಕಟ್ಟಡ, ಮದುವೆ ಹಾಲ್‌ಗಳನ್ನು ಆಶ್ರಯಕ್ಕಾಗಿ ಗುರುತಿಸಿ ಪಂಚಾಯತ್‌ಗೆ ತಿಳಿಸಲಿ. ಒಂದೇ ಶಾಲೆಯಲ್ಲಿ ನೂರು ಮಂದಿ ಇಕ್ಕಟ್ಟಿನಲ್ಲಿರುವ ಬದಲು ನಾಲ್ಕು ಕಡೆ ಹಂಚಿಹೋದರೆ ರೋಗವೂ ತಗ್ಗುತ್ತದೆ.

ಆ ಬಾಗಿಲುಗಳು ಎಲ್ಲರಿಗೂ ತೆರೆದಿರಲಿ. 2020ರಲ್ಲಿ ರೋಗಕ್ಕೆ ಧರ್ಮದ ಹೆಸರು ಅಂಟಿಸಿದಾಗ ನಾವು ನೊಂದಿದ್ದೇವೆ. ನೆರೆಯಲ್ಲಿ ಬಂದವನ ಧರ್ಮವನ್ನು ವಿಚಾರಿಸದೆ ಒಳಗೆ ಕರೆಯುವುದೇ ಆ ಆರೋಪಕ್ಕೆ ನಾವು ಕೊಡಬಹುದಾದ ಅತ್ಯುತ್ತಮ ಉತ್ತರ.