ಸ್ಲಾಪಿ ಜೋ: ಒಂದು ಪೌಂಡ್ ಕೈಮ, ಆರು ಜನರ ಊಟ

ಪುಣೆಯಿಂದ ಮಾತಾಡ್ತಿದ್ದೀನಿ. ಇವತ್ತು ಟೆಕ್ನಾಲಜಿ ವಿಷಯ ಇಲ್ಲ, ಅಡುಗೆ ವಿಷಯ. ಅಮೆರಿಕದ ಮನೆಗಳಲ್ಲಿ ವಾರದ ಮಧ್ಯೆ, ಸುಸ್ತಾಗಿ ಬಂದ ದಿನ ಮಾಡೋ ಒಂದು ಊಟ. ಹೆಸರು ಸ್ಲಾಪಿ ಜೋ. ಕೈಮವನ್ನ ಹುರಿದು, ಹುಳಿ ಸಿಹಿ ಇರೋ ಟೊಮ್ಯಾಟೊ ಸಾಸಿನಲ್ಲಿ ಕುದಿಸಿ, ಬನ್ನಿನೊಳಗೆ ತುಂಬಿ ತಿನ್ನೋದು. ಅಷ್ಟೇ. ತಿನ್ನುವಾಗ ಕೈಗೆ, ಗಲ್ಲಕ್ಕೆ, ಕೆಲವೊಮ್ಮೆ ಅಂಗಿಗೂ ಮೆತ್ಕೊಳ್ಳುತ್ತೆ. ಸ್ಲಾಪಿ ಅಂದ್ರೆ ಅದೇ, ಗಲೀಜು.

ನಾನು ಇದನ್ನ ಮೊದಲು ತಿಂದಿದ್ದು 2009ರ ಫೆಬ್ರವರಿಯಲ್ಲಿ, ಅಯೋವಾ ರಾಜ್ಯದ ಡಿ ಮೊಯ್ನ್ ಊರಲ್ಲಿ. ಇನ್ಶೂರೆನ್ಸ್ ಕಂಪನಿಗಳ ಊರು ಅದು. ನಾನು ಆನ್‌ಸೈಟ್ ಹೋಗಿದ್ದೆ, ಕೆಟಿ ತಗೊಳ್ಳೋಕೆ. ಕೆಟಿ ಅಂದ್ರೆ ಏನು ಅಂತ ಈ ಚಾನೆಲ್ ನೋಡೋರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಇಪ್ಪತ್ತು ವರ್ಷದಿಂದ ಒಂದೇ ಮೇನ್‌ಫ್ರೇಮ್ ಸಿಸ್ಟಂ ನೋಡ್ಕೊಂಡು ಬಂದಿದ್ದ ಹಿರಿಯರೊಬ್ಬರು ದಿನಾ ನನ್ನ ಪಕ್ಕ ಕೂತು ಕೋಬಾಲ್ ಕೋಡ್ ಸಾಲು ಸಾಲಾಗಿ ವಿವರಿಸೋರು. ಮಾರ್ಚ್ ಕೊನೆಗೆ ಅವರ ಕೆಲಸ ಮುಗಿಯುತ್ತೆ, ಅದೇ ಕೆಲಸ ಪುಣೆಯಲ್ಲಿ ನಮ್ಮ ಟೀಮಿಗೆ ಬರುತ್ತೆ. ಇದು ಅವರಿಗೂ ಗೊತ್ತು, ನನಗೂ ಗೊತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ.

ಒಂದು ಶುಕ್ರವಾರ ಸಂಜೆ ಜೋರು ಹಿಮ. ಬಸ್ ಸಿಗೋದು ಕಷ್ಟ ಅಂತ ಅವರೇ ಕಾರಲ್ಲಿ ಮನೆಗೆ ಕರ್ಕೊಂಡು ಹೋದ್ರು. ಅವರ ಹೆಂಡತಿ, ಇಬ್ಬರು ಮಕ್ಕಳು, ಅತ್ತೆ, ಅವರು, ನಾನು. ಒಟ್ಟು ಆರು ಜನ. ಒಲೆ ಮೇಲೆ ಒಂದೇ ಬಾಣಲೆ, ಅದರಲ್ಲಿ ಒಂದು ಪೌಂಡ್ ಕೈಮ, ಅಂದ್ರೆ ಸುಮಾರು 450 ಗ್ರಾಂ. ಇಷ್ಟು ಆರು ಜನಕ್ಕೆ ಸಾಕಾಗುತ್ತಾ ಅಂತ ನನಗೆ ಅನುಮಾನ. ಆ ಅಮ್ಮ ಒಂದು ಕ್ಯಾರೆಟ್ ತುರಿದು ಹಾಕಿದ್ರು, ಒಂದು ಹಿಡಿ ಓಟ್ಸ್ ಹಾಕಿದ್ರು. ಸಾಸ್ ಜತೆ ಎಲ್ಲಾ ಸೇರಿ ಬಾಣಲೆ ತುಂಬ್ತು. ಇದು ಕಷ್ಟಕಾಲದಲ್ಲಿ ಹುಟ್ಟಿದ ಊಟ, ಈ ತಿಂಗಳು ನಮಗೆ ಅಭ್ಯಾಸ ಆಗಬೇಕಲ್ಲ ಅಂತ ನಗ್ತಾನೇ ಹೇಳಿದ್ರು. ನನಗೆ ತಲೆ ಎತ್ತಿ ನೋಡೋಕೆ ಆಗಲಿಲ್ಲ.

ಸ್ಲಾಪಿ ಜೋಗೆ ಸಾಮಾನ್ಯವಾಗಿ ಅಲ್ಲಿ ದನದ ಮಾಂಸ. ಅವತ್ತು ಬಾಣಲೆಯಲ್ಲಿದ್ದದ್ದು ಟರ್ಕಿ ಕೋಳಿಯ ಕೈಮ. ನಾನು ದನದ ಮಾಂಸ ತಿನ್ನಲ್ಲ ಅಂತ ಕ್ಯಾಂಟೀನಿನಲ್ಲಿ ಯಾವಾಗಲೋ ಒಂದು ಸಲ ಹೇಳಿದ್ದೆ. ಅವರು ನೆನಪಿಟ್ಟುಕೊಂಡಿದ್ರು. ತಮ್ಮ ಕೆಲಸ ತಗೊಂಡು ಹೋಗೋಕೆ ಬಂದವನಿಗೋಸ್ಕರ ಮನೆಯ ಅಡುಗೆಯನ್ನೇ ಬದಲಾಯಿಸಿದ್ರು.

ಈ ಊಟದ ಚರಿತ್ರೆ ಸ್ವಲ್ಪ ಹೇಳಿಬಿಡ್ತೀನಿ. ಅಯೋವಾದಲ್ಲಿ ಇದಕ್ಕೆ ಒಬ್ಬ ಅಣ್ಣ ಇದ್ದಾನೆ, ಲೂಸ್ ಮೀಟ್ ಸ್ಯಾಂಡ್‌ವಿಚ್. ಕೈಮವನ್ನ ಬರ್ಗರ್ ಥರ ತಟ್ಟದೆ, ಉದುರು ಉದುರಾಗಿ ಬೇಯಿಸಿ ಬನ್ನಿಗೆ ತುಂಬೋದು, ಟೊಮ್ಯಾಟೊ ಸಾಸ್ ಇಲ್ಲ. 1920ರ ದಶಕದಿಂದಲೇ ಅಲ್ಲಿ ಮಾರ್ತಿದ್ರು. ಅದನ್ನೇ ಮಾರೋ ಮೇಡ್ ರೈಟ್ ಅನ್ನೋ ಅಂಗಡಿ ಶುರುವಾಗಿದ್ದು 1926ರಲ್ಲಿ, ಅಯೋವಾದ ಮಸ್ಕಟೀನ್ ಊರಲ್ಲಿ. ಇದಕ್ಕೆ ಟೊಮ್ಯಾಟೊ ಸೇರಿ ಸ್ಲಾಪಿ ಜೋ ಆಯ್ತು ಅಂತ ಬಹಳ ಜನ ಹೇಳ್ತಾರೆ. ಹೆಸರಿನ ಬಗ್ಗೆ ಜಗಳ ಇದೆ. ಕ್ಯೂಬಾದ ಹವಾನಾದಲ್ಲಿ ಆ ಹೆಸರಿನ ಬಾರ್ ಇತ್ತು, ಫ್ಲಾರಿಡಾದ ಕೀ ವೆಸ್ಟಲ್ಲೂ ಇದೆ. ಕೀ ವೆಸ್ಟಿನ ಬಾರಿಗೆ ಲೇಖಕ ಹೆಮಿಂಗ್ವೆ ಹೋಗ್ತಿದ್ದರು. 1969ರಲ್ಲಿ ಮ್ಯಾನ್‌ವಿಚ್ ಅನ್ನೋ ಡಬ್ಬಿ ಸಾಸ್ ಬಂತು, ಸ್ಲಾಪಿ ಜೋ ಡಬ್ಬಿ ಒಡೆದು ಮಾಡೋ ಊಟವೂ ಆಯ್ತು. ಶಾಲೆ ಕ್ಯಾಂಟೀನಿನ ಊಟ ಅಂತಲೂ ಅಲ್ಲಿಯವರಿಗೆ ನೆನಪು.

ಈಗ ಮಾಡೋದು ಹೇಗೆ ಅಂತ. ಅರ್ಧ ಕಿಲೋ ಕೈಮ, ಕೋಳಿಯದೋ ಕುರಿಯದೋ. ಒಂದು ದೊಡ್ಡ ಈರುಳ್ಳಿ, ಒಂದು ದೊಣ್ಣೆಮೆಣಸಿನಕಾಯಿ, ನಾಲ್ಕು ಎಸಳು ಬೆಳ್ಳುಳ್ಳಿ, ಎಲ್ಲಾ ಸಣ್ಣಗೆ ಹೆಚ್ಚಿದ್ದು. ಅರ್ಧ ಕಪ್ ಟೊಮ್ಯಾಟೊ ಕೆಚಪ್, ಅರ್ಧ ಕಪ್ ಟೊಮ್ಯಾಟೊ ಪ್ಯೂರಿ. ವೂಸ್ಟರ್ ಸಾಸ್ ಒಂದು ದೊಡ್ಡ ಚಮಚ. ಸಾಸಿವೆ ಪೇಸ್ಟ್ ಒಂದು ಸಣ್ಣ ಚಮಚ, ವಿನೆಗರ್ ಒಂದು ಸಣ್ಣ ಚಮಚ, ಬೆಲ್ಲದ ಪುಡಿ ಎರಡು ಸಣ್ಣ ಚಮಚ, ಖಾರದ ಪುಡಿ ಅರ್ಧ ಚಮಚ. ಉಪ್ಪು, ಕಾಳುಮೆಣಸು.

ಮೊದಲ ಕೆಲಸ, ಕೈಮ ಹುರಿಯೋದು. ಅಗಲವಾದ ಬಾಣಲೆ ಚೆನ್ನಾಗಿ ಕಾಯಲಿ, ಎಣ್ಣೆ ಹಾಕಿ, ಕೈಮ ಹರಡಿ, ಎರಡು ಮೂರು ನಿಮಿಷ ಮುಟ್ಟಬೇಡಿ. ನಾವು ಸುಮ್ಮನೆ ಕೈ ಆಡಿಸ್ತಾ ಇರ್ತೀವಿ, ಅದೇ ತಪ್ಪು. ಕೈಮ ನೀರು ಬಿಡುತ್ತೆ. ಆ ನೀರು ಪೂರ್ತಿ ಆರಿ, ತಳ ಕಂದು ಬಣ್ಣಕ್ಕೆ ತಿರುಗಿದಾಗಲೇ ರುಚಿ ಬರೋದು. ಇಲ್ಲದಿದ್ರೆ ಬೇಯಿಸಿದ ಬೂದು ಬಣ್ಣದ ಮಾಂಸ ಆಗುತ್ತೆ, ಮೇಲೆ ಎಷ್ಟು ಸಾಸ್ ಸುರಿದರೂ ಸರಿ ಹೋಗಲ್ಲ. ಆಮೇಲೆ ಈರುಳ್ಳಿ, ದೊಣ್ಣೆಮೆಣಸಿನಕಾಯಿ, ಕೊನೆಗೆ ಬೆಳ್ಳುಳ್ಳಿ.

ಕುರಿ ಕೈಮ ಆದರೆ ಇಲ್ಲಿ ಒಂದು ಕಪ್ ನೀರು ಹಾಕಿ, ಮುಚ್ಚಿ, ಮೆತ್ತಗಾಗೋ ತನಕ ಬೇಯಿಸಿ. ಅರ್ಧ ಗಂಟೆ ಬೇಕಾಗಬಹುದು. ಕೋಳಿಗೆ ಅಷ್ಟು ಬೇಡ. ಕೆಚಪ್, ಬೆಲ್ಲ ಎಲ್ಲಾ ಇದಾದ ಮೇಲೆ. ಸಕ್ಕರೆ ಅಂಶ ಇರೋದ್ರಿಂದ ಜೋರು ಉರಿಯಲ್ಲಿ ತಳ ಹಿಡಿಯುತ್ತೆ. ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಕುದಿಸಿ. ಸೌಟಿನಲ್ಲಿ ಬಾಣಲೆ ಮಧ್ಯೆ ಗೆರೆ ಎಳೆದರೆ ಗೆರೆ ಒಂದು ಕ್ಷಣ ಹಾಗೇ ನಿಲ್ಲಬೇಕು. ಅದೇ ಹದ. ನೀರಾಗಿದ್ರೆ ಬನ್ ಕರಗಿ ಹೋಗುತ್ತೆ.

ಒಂದು ಎಚ್ಚರಿಕೆ. ಗರಂ ಮಸಾಲೆ, ಶುಂಠಿ, ಕೊತ್ತಂಬರಿ ಹಾಕಬೇಡಿ. ನಾನು ಪುಣೆಗೆ ಬಂದು ಮೊದಲ ಸಲ ಮಾಡಿದಾಗ ಕೈ ತಡೀಲಿಲ್ಲ, ಎಲ್ಲಾ ಹಾಕಿದೆ. ನಮ್ಮನೆಯವಳು ತಿಂದು, 'ರೀ, ಇದು ಖೀಮಾ ಪಾವ್ ಅಲ್ವಾ? ಕ್ಯಾಂಪಿನಲ್ಲಿ ಇದಕ್ಕಿಂತ ಚೆನ್ನಾಗಿ ಮಾಡ್ತಾರೆ' ಅಂದ್ಲು. ಸರಿಯಾಗೇ ಹೇಳಿದ್ಲು. ಖೀಮಾ ಪಾವಿನ ರುಚಿ ಮಸಾಲೆಯಲ್ಲಿ, ಸ್ಲಾಪಿ ಜೋ ರುಚಿ ಹುಳಿ ಸಿಹಿಯಲ್ಲಿ. ಎರಡನ್ನೂ ಕಲಸಿದ್ರೆ ಎರಡೂ ಇಲ್ಲ.

ಬನ್ ಬಗ್ಗೆ. ಊರಿನ ಅಯ್ಯಂಗಾರ್ ಬೇಕರಿ ಬನ್ ನನಗೆ ಪ್ರಾಣ, ಆದರೆ ಇದಕ್ಕೆ ಸಿಹಿ ಜಾಸ್ತಿ. ಬರ್ಗರ್ ಬನ್ ಅಥವಾ ಇಲ್ಲಿಯ ಲಾದಿ ಪಾವ್ ಸರಿ. ಒಳಮೈಗೆ ಬೆಣ್ಣೆ ಸವರಿ ತವಾ ಮೇಲೆ ಗರಿಗರಿಯಾಗೋ ಹಾಗೆ ಸುಡಿ. ಸಾಸ್ ಬೇಗ ಇಳಿಯದ ಹಾಗೆ ಅದು ತಡೆಯುತ್ತೆ.

ಮಾರ್ಚ್ ಕೊನೆಯ ದಿನ ಆ ಹಿರಿಯರು ನನಗೆ ಎರಡು ವಸ್ತು ಕೊಟ್ಟರು. ಒಂದು ನೂರಾರು ಪುಟದ ಕೆಟಿ ಡಾಕ್ಯುಮೆಂಟ್, ಒಂದು ಕಡೆಯೂ ಅರೆಬರೆ ಇರಲಿಲ್ಲ. ಇನ್ನೊಂದು ಅವರ ಹೆಂಡತಿ ಕೈಬರಹದ ರೆಸಿಪಿ ಕಾರ್ಡ್. ಡಾಕ್ಯುಮೆಂಟ್ ಆ ಸಿಸ್ಟಂ ಜತೆಗೇ ಹೋಯ್ತು. ಕಾರ್ಡ್ ಇನ್ನೂ ನಮ್ಮ ಫ್ರಿಜ್ ಮೇಲಿದೆ.

ಇದನ್ನ ಇವತ್ತು ಯಾಕೆ ಹೇಳ್ತಿದ್ದೀನಿ ಅಂದ್ರೆ, ಕಳೆದ ವರ್ಷ ನನ್ನ ಸರದಿ ಬಂತು. ನಮ್ಮ ಪ್ರಾಜೆಕ್ಟ್ ಬೇರೆ ಟೀಮಿಗೆ ಹೋಯ್ತು. ಕೆಟಿ ತಗೊಳ್ಳೋಕೆ ಬಂದವನು ಯಾದಗಿರಿ ಕಡೆಯ ಹುಡುಗ, ಕೆಲಸಕ್ಕೆ ಸೇರಿ ಎರಡು ವರ್ಷ. ನಿಜ ಹೇಳ್ತೀನಿ, ಮೊದಲ ವಾರ ನಾನು ಅವನಿಗೆ ಅರ್ಧಂಬರ್ಧ ಹೇಳಿಕೊಟ್ಟೆ. ಕೇಳಿದ್ದಕ್ಕೆ ಮಾತ್ರ ಉತ್ತರ. ಅವನು ನನ್ನ ಮುಖ ನೋಡ್ತಿರಲಿಲ್ಲ. ಒಂದು ರಾತ್ರಿ ನೀರು ತಗೊಳ್ಳೋಕೆ ಹೋದಾಗ ಫ್ರಿಜ್ ಮೇಲಿನ ಕಾರ್ಡ್ ಕಣ್ಣಿಗೆ ಬಿತ್ತು. ಡಿ ಮೊಯ್ನ್‌ನಲ್ಲಿ ತಲೆ ತಗ್ಗಿಸಿ ಕೂತಿದ್ದವನು ನಾನೇ ಅಲ್ವಾ ಅನ್ನಿಸ್ತು.

ಮಾರನೇ ದಿನ ಅವನನ್ನ ಊಟಕ್ಕೆ ಕರೆದೆ. 'ಸರ್, ನಾವು ಮಾಂಸ ತಿನ್ನಂಗಿಲ್ರೀ' ಅಂದ. ಅವತ್ತು ಕೈಮ ಬದಲು ಇಡೀ ಮಸೂರ್ ಕಾಳು. ಸಸ್ಯಾಹಾರಿಗಳು ಬರ್ಕೊಳ್ಳಿ: ಒಂದು ಕಪ್ ಕಾಳು ಮೊದಲೇ ಪೂರ್ತಿ ಬೇಯಿಸ್ಕೊಳ್ಳಿ. ಟೊಮ್ಯಾಟೊ, ವಿನೆಗರ್ ಸೇರಿದ ಮೇಲೆ ಕಾಳು ಬೇಗ ಮೆತ್ತಗಾಗಲ್ಲ. ಉಳಿದದ್ದೆಲ್ಲಾ ಹಾಗೇ. ವೂಸ್ಟರ್ ಸಾಸಿನಲ್ಲಿ ಮೀನು ಇರಬಹುದು, ಬಾಟಲಿ ಮೇಲೆ ಹಸಿರು ಚುಕ್ಕೆ ಇದೆಯಾ ನೋಡಿ. ಸಿಗದಿದ್ರೆ ಒಂದು ಚಮಚ ಸೋಯಾ ಸಾಸ್, ಅರ್ಧ ಚಮಚ ಹುಣಸೆ ರಸ ಸಾಕು.

ಹುಡುಗ ಮೂರು ಬನ್ ತಿಂದ, ಬಿಳಿ ಅಂಗಿ ಮೇಲೆ ಬೀಳಿಸ್ಕೊಂಡ. ಊಟ ಆದ ಮೇಲೆ ಲ್ಯಾಪ್‌ಟಾಪ್ ತೆಗೆದು, ಹಿಂದಿನ ವಾರ ನಾನು ಬಿಟ್ಟಿದ್ದನ್ನೆಲ್ಲಾ ಮೊದಲಿಂದ ಹೇಳಿಕೊಟ್ಟೆ. ರಾತ್ರಿ ಒಂದು ಗಂಟೆ ಆಯ್ತು. ನನ್ನ ಕೆಲಸ ಹೋಗೋದು ಇದರಿಂದ ನಿಲ್ಲಲಿಲ್ಲ. ಮೂರು ತಿಂಗಳು ಮನೆಯಲ್ಲಿದ್ದೆ, ಈಗ ಬೇರೆ ಕಡೆ ಸೇರಿದ್ದೀನಿ, ಸಂಬಳ ಸ್ವಲ್ಪ ಕಡಿಮೆ.

ನಿಮ್ಮ ಆಫೀಸಿನಲ್ಲೂ ಈಗ ಯಾರೋ ಕೊಡ್ತಿರ್ತಾರೆ, ಯಾರೋ ತಗೊಳ್ತಿರ್ತಾರೆ. ಮನೆಗೆ ಕರೆದು ಊಟ ಹಾಕಿ. ಏನು ತಿನ್ನಲ್ಲ ಅಂತ ಮೊದಲೇ ಕೇಳ್ಕೊಳ್ಳಿ. ಮತ್ತೆ ಬನ್ ಸುಡೋದು ಮರೀಬೇಡಿ.